ಟಾರ್ಪಾಲಕ್ಕ ಸುತ್ತಿದ ಆರು ಸುತ್ತು

ಲಾರಿಗಳಿಗೆ ಹೊದಿಸುವ ಟಾರ್ಪಾಲು ಹೊಲಿಯುವುದು ಆಕೆಯ ಕಸುಬು, ಅಪ್ಪನಿಂದ ಬಂದದ್ದು. ಏಳನೇ ತರಗತಿಗೆ ಶಾಲೆ ಬಿಟ್ಟು ದಬ್ಬಣ ಹಿಡಿದವಳು, ಐವತ್ತೊಂದನೇ ವಯಸ್ಸಿನಲ್ಲೂ ಕನ್ನಡಕದ ಹಂಗಿಲ್ಲದೆ ಅದಕ್ಕೆ ದಾರ ಪೋಣಿಸುತ್ತಿದ್ದಳು. ಮದುವೆಯಾದದ್ದೂ ಲಾರಿ ಚಾಲಕನನ್ನೇ. ಮನೆ ಲಾರಿ ನಿಲ್ದಾಣದ ಗೋಡೆಗೆ ಅಂಟಿಕೊಂಡಿತ್ತು. ಅಲ್ಲಿಂದ ಹೊರಟ ರಸ್ತೆ ಸ್ವಲ್ಪ ದೂರ ಸಪಾಟಾಗಿ ಹೋಗಿ ಬೆಟ್ಟ ಹತ್ತುತ್ತದೆ. ಬೆಟ್ಟದಲ್ಲಿ ಮೊಬೈಲು ಇದ್ದೂ ಇಲ್ಲದ ಹಾಗೆ. ಹಾಗಾಗಿ ಚಾಲಕರೆಲ್ಲ ಸಿಬಿ ರೇಡಿಯೊ ಇಟ್ಟುಕೊಂಡಿದ್ದರು. ಮೈಕಿನ ಗುಂಡಿ ಒತ್ತಿ ಮಾತಾಡಿದರೆ ಸುತ್ತಮುತ್ತ ಹತ್ತಾರು ಮೈಲಿಯಲ್ಲಿ ಅಂಥದ್ದೇ ಪೆಟ್ಟಿಗೆ ಇರುವವರಿಗೆಲ್ಲ ಕೇಳಿಸುತ್ತದೆ.

ದಾರಿಯಲ್ಲಿದ್ದಾಗ ಹೆಂಡತಿಯ ಜೊತೆ ನಾಲ್ಕು ಮಾತಾಡಬೇಕೆಂದು ಗಂಡ ಮನೆಯಲ್ಲೂ ಒಂದು ರೇಡಿಯೊ ಕೂಡಿಸಿದ. ಎರಡು ಅಲ್ಯುಮಿನಿಯಂ ಕೋಲುಗಳ ಆಂಟೆನಾವನ್ನು ತಾನೇ ಮಾಡಿ ತಾರಸಿಯ ಕಂಬಕ್ಕೆ ಕಟ್ಟಿ, ಅದರ ಕೇಬಲನ್ನು ಪಕ್ಕದ ಮನೆಯ ಗೋಡೆ ಬದಿಯಿಂದ ಇಳಿಸಿ ಕಿಟಕಿಯೊಳಗೆ ತಂದ. ಆದರೆ ತಿಂಗಳೊಳಗೆ ಮಿಕ್ಕ ಚಾಲಕರೆಲ್ಲ ಆಕೆಯೊಂದಿಗೆ ಮಾತಾಡತೊಡಗಿ, ಗಂಡನಿಗೆ ಸರದಿ ಸಿಗುವುದೇ ಕಷ್ಟವಾಯಿತು. ಎಲ್ಲಿ ಮರ ಬಿದ್ದಿದೆ, ಎಲ್ಲಿ ಮಂಜು ಕವಿದಿದೆ ಎಂದು ಇಳಿದು ಬಂದವರು ಹೇಳುತ್ತಿದ್ದರು; ಆಕೆ ಹೊಲಿಯುತ್ತಲೇ ಕೇಳಿಸಿಕೊಂಡು ಹತ್ತುವವರಿಗೆ ದಾಟಿಸುತ್ತಿದ್ದಳು. ಟಾರ್ಪಾಲಕ್ಕ ಅಂದರೆ ಆ ರಸ್ತೆಯಲ್ಲಿ ಗೊತ್ತಿಲ್ಲದವರಿರಲಿಲ್ಲ.

ತೊಂದರೆ ಬಂದದ್ದು ಪಕ್ಕದ ಮನೆಯಿಂದ. ಅಲ್ಲಿದ್ದ ನಿವೃತ್ತ ಪೋಸ್ಟ್ ಮಾಸ್ತರರು ದೊಡ್ಡ ಟಿವಿ ತಂದು, ಅದಕ್ಕೆ ಎರಡು ಸ್ಪೀಕರು ಜೋಡಿಸಿದರು. ಅಂದಿನಿಂದ ಆಕೆ ಮೈಕು ಒತ್ತಿದಾಗಲೆಲ್ಲ ಆ ಸ್ಪೀಕರಿನಲ್ಲಿ ಆಕೆಯದೇ ದನಿ. ಪರದೆಯ ಮೇಲೆ ಮಂತ್ರಿಗಳು ಕೈಯೆತ್ತಿ ಭಾಷಣ ಮಾಡುತ್ತಿದ್ದರೆ, "ಮೂರನೇ ತಿರುವಲ್ಲಿ ಎಣ್ಣೆ ಚೆಲ್ಲಿದೆ, ನಿಧಾನ ಬನ್ನಿ" ಎಂದು ಕೇಳಿಸುತ್ತಿತ್ತು. ಮಾಸ್ತರರು ಮೂರು ದಿನ ಸಹಿಸಿ, ನಾಲ್ಕನೇ ದಿನ ಬಾಗಿಲು ತಟ್ಟಿದರು. ಸಂಜೆ ಆರರಿಂದ ಒಂಬತ್ತು ತಮ್ಮ ವಾರ್ತೆಯ ಹೊತ್ತು, ಆಗ ರೇಡಿಯೊ ಮುಚ್ಚಬೇಕು ಎಂದರು. ನ್ಯಾಯ ಅವರ ಕಡೆಗಿತ್ತು. ಆಕೆ ಒಪ್ಪಿದಳು.

ಲಾರಿಗಳು ಹೆಚ್ಚಾಗಿ ಬೆಟ್ಟ ಹತ್ತುವುದು ಅದೇ ಹೊತ್ತಿನಲ್ಲಿ. ಒಂದು ಸಂಜೆ ಮೇಲೆ ಬಂಡೆ ಉರುಳಿ ದಾರಿ ಕಟ್ಟಿತು. ಹೇಳುವವರಿಲ್ಲದೆ ಗಂಡನ ಲಾರಿ ಅಲ್ಲಿಯ ತನಕ ಹೋಗಿ, ಒಂದು ಮಗ್ಗುಲಿಗೆ ಪ್ರಪಾತವಿರುವ ದಾರಿಯಲ್ಲಿ ಒಂದೂವರೆ ಮೈಲಿ ಹಿಮ್ಮುಖವಾಗಿ ಇಳಿಯಬೇಕಾಯಿತು. ಮರುದಿನ ಮನೆಗೆ ಬಂದವನು ನಡೆದದ್ದಷ್ಟನ್ನೇ ಹೇಳಿದ. ಅವನು ದೂರಲಿಲ್ಲ. ಆಕೆಗೆ ಅದೇ ಹೆಚ್ಚು ಚುಚ್ಚಿತು.

ಚಾಲಕರ ಸಂಘದ ರಿಪೇರಿಯವನನ್ನು ಕರೆಸಿದಳು. ಅವನು ತಾರಸಿ ಹತ್ತಿ ಇಳಿದು, ಆಂಟೆನಾ ಕಿತ್ತುಹಾಕುವುದೇ ಒಳ್ಳೆಯದು, ಇದು ಮನೆ ಹೆಂಗಸರಿಗೆ ಹತ್ತುವ ವಿದ್ಯೆಯಲ್ಲ ಎಂದು ಹೇಳಿ ಹೋದ. ಅಂದು ಮಧ್ಯಾಹ್ನವೇ ಆಕೆ ರೇಡಿಯೊದಲ್ಲಿ ಹಡಗಣ್ಣನನ್ನು ಕೂಗಿದಳು. ಲಾರಿ ಹಿಡಿಯುವ ಮೊದಲು ಹಡಗಿನ ರೇಡಿಯೊ ಕೋಣೆಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವನು ಅವನು.

"ಅಣ್ಣಾ, ನನ್ನ ಮಾತು ಪಕ್ಕದ ಮನೆಗೆ ಯಾಕೆ ಹೋಗುತ್ತೆ?"

"ಮೈಕು ಒತ್ತಿಕೊಂಡು ಕೇಬಲ್ ಮುಟ್ಟಿದರೆ ರೇಡಿಯೊದ ಮೀಟರಿನ ಮುಳ್ಳು ಅಲ್ಲಾಡುತ್ತಾ?"

"ಕುಣಿಯುತ್ತೆ. ಮೈಕೂ ಒಂದೊಂದು ಸಲ ತುಟಿಗೆ ಚುರ್ ಅನ್ನಿಸುತ್ತೆ."

"ಹಾಗಾದರೆ ಆಂಟೆನಾದಿಂದ ಗಾಳಿಗೆ ಹೋಗಬೇಕಾದ್ದರಲ್ಲಿ ಒಂದು ಪಾಲು ಕೇಬಲಿನ ಹೊರಮೈ ಹಿಡಿದು ವಾಪಸ್ಸು ಇಳಿದು ಬರ್ತಿದೆ ತಂಗಿ. ಕೇಬಲ್ಲೂ ಆಂಟೆನಾ ಆಗಿ ಕೂತಿದೆ. ಅದು ಮಾಸ್ತರರ ಗೋಡೆ ಸವರಿಕೊಂಡೇ ಬರೋದಲ್ವಾ?"

ಮದ್ದನ್ನೂ ಅವನೇ ಹೇಳಿದ. ಕೇಬಲನ್ನು ಕತ್ತರಿಸುವುದು ಬೇಡ, ಸುರುಳಿ ಸುತ್ತಿದರೆ ಸಾಕು. ಒಳಗಿನ ದಾರಿಗೆ ಸುರುಳಿಯಿಂದ ಅಡ್ಡಿಯಿಲ್ಲ. ಹೊರಮೈ ಹಿಡಿದು ಇಳಿಯುವುದು ಮಾತ್ರ ಅಲ್ಲಿ ತಡೆದು ನಿಲ್ಲುತ್ತದೆ. ಅದಕ್ಕೆ ಚೋಕ್ ಬಾಲನ್ ಎನ್ನುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಅವನ ಲಾರಿ ಬೆಟ್ಟದ ಮರೆಗೆ ಸರಿದು ದನಿ ಕರಗಿಹೋಯಿತು.

ಪಕ್ಕದಲ್ಲಿ ಕೂತು ಹಳೆಯ ಟಾರ್ಪಾಲಿನ ಹೊಲಿಗೆ ಬಿಚ್ಚುತ್ತಿದ್ದ ಅತ್ತೆ, ಬಲೂನು ಕಟ್ಟಿದರೆ ದನಿ ಹೇಗೆ ನಿಲ್ಲುತ್ತದೆ ಎಂದು ಕೇಳಿದರು. ಸೊಸೆಗೆ ನಗು ತಡೆಯಲಾಗಲಿಲ್ಲ.

ಮೊದಲ ಪ್ರಯತ್ನ ಕೆಟ್ಟಿತು. ಕಿಟಕಿಯ ಬಳಿ ಮಿಕ್ಕಿದ್ದ ಕೇಬಲನ್ನು ಹಗ್ಗ ಮಡಚಿದ ಹಾಗೆ ಮಡಚಿ ಕಟ್ಟಿ, ಮೈಕು ಒತ್ತಿ ಮಾತಾಡಿ ನೋಡಿದಳು. ಸಂಜೆ ಮಾಸ್ತರರು ಬಂದರು. "ನೋಡಮ್ಮ, ಮುಂಚೆ ನೀನು ಏನು ಹೇಳ್ತೀಯ ಅಂತಾದರೂ ಅರ್ಥ ಆಗ್ತಿತ್ತು. ಈಗ ಅದೂ ಇಲ್ಲ."

ಎರಡು ದಿನ ಬಿಟ್ಟು ಹಡಗಣ್ಣ ಮತ್ತೆ ಸಿಕ್ಕ. ಅವಳು ಮಾಡಿದ್ದನ್ನು ಕೇಳಿ ನಕ್ಕ. ಕಿಟಕಿಯ ಬಳಿಯಲ್ಲ, ಆಂಟೆನಾದ ಬುಡದಲ್ಲೇ ಸುತ್ತಬೇಕು. ನಾಲ್ಕು ಇಂಚಿನ ಪೈಪಿನ ಮೇಲೆ ಆರು ಸುತ್ತು. ಒಂದರ ಪಕ್ಕ ಒಂದು, ಒಂದರ ಮೇಲೊಂದು ಹತ್ತಕೂಡದು. ಮೊದಲ ಸುತ್ತೂ ಕೊನೆಯ ಸುತ್ತೂ ಮೈಗೆ ಮೈ ತಾಗಿದರೆ ಹೊರಮೈಯ ಕಳ್ಳ ಅಡ್ಡದಾರಿ ಹಿಡಿದು ದಾಟಿಬಿಡುತ್ತಾನೆ ಎಂದ. ಆಕೆಗೆ ಥಟ್ಟನೆ ಹೊಳೆಯಿತು. ಹೊಲಿಗೆ ಯಂತ್ರದ ಬಾಬಿನ್‌ಗೆ ಮೂವತ್ತು ವರ್ಷದಿಂದ ದಾರ ಸುತ್ತುತ್ತಿರುವ ಕೈ ತನ್ನದು. ಇದನ್ನು ಮೊದಲೇ ಹೀಗೆ ಹೇಳಬಾರದಿತ್ತೇ ಎಂದು ಅವನನ್ನೇ ಗದರಿಸಿದಳು.

ಕೊಳಾಯಿ ಕೆಲಸದವನಿಂದ ಒಂದು ಗೇಣುದ್ದದ ಪಿವಿಸಿ ಪೈಪಿನ ತುಂಡು ತಂದಳು. ಒಲೆಯಲ್ಲಿ ದಬ್ಬಣ ಕಾಯಿಸಿ ಪೈಪಿಗೆ ದಾರ ತೂರಿಸುವ ತೂತು ಕೊರೆದಳು. ಭಾನುವಾರ ಬೆಳಗ್ಗೆ ನೋಯುವ ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು ಏಣಿ ಹತ್ತಿದಳು. ಅತ್ತೆ ಕೆಳಗೆ ಏಣಿ ಹಿಡಿದು, ಮೆಟ್ಟಿಲಿಗೊಂದು ಎಚ್ಚರಿಕೆ ಹೇಳಿದರು. ಕಂಬವನ್ನು ಮಲಗಿಸಿ, ಕಿಟಕಿಯ ಬಳಿ ಮಿಕ್ಕಿದ್ದ ಕೇಬಲನ್ನೆಲ್ಲ ಮೇಲಕ್ಕೆಳೆದುಕೊಂಡಳು. ಮೂರು ಸುತ್ತು ಸುಲಭವಾಗಿ ಕೂತವು. ನಾಲ್ಕನೆಯದು ದಪ್ಪ ಕೇಬಲಿನ ಹಟಕ್ಕೆ ಹಾರಿ ಬಿಚ್ಚಿಕೊಂಡಿತು. ಆಕೆ ಕೇಬಲನ್ನು ಅರ್ಧ ಗಂಟೆ ಬಿಸಿಲಿಗೆ ಹಾಸಿ ಮೆತ್ತಗಾಗಿಸಿ, ಪೈಪನ್ನು ತೊಡೆಗಳ ನಡುವೆ ಇರುಕಿಕೊಂಡು, ಪ್ರತಿ ಸುತ್ತಿಗೂ ಮೇಣ ಹಾಕಿದ ಟಾರ್ಪಾಲು ದಾರದಿಂದ ಒಂದೊಂದು ಗಂಟು ಬಿಗಿದಳು. ಆರು ಸುತ್ತು. ಬೆರಳಿಟ್ಟು ನೋಡಿದಳು. ಎಲ್ಲೂ ಒಂದು ಏರಿಲ್ಲ, ತಗ್ಗಿಲ್ಲ. ಸುರುಳಿಯನ್ನು ಕೋಲುಗಳು ಸೇರುವ ಜಾಗದ ಪಕ್ಕದಲ್ಲೇ ಕಟ್ಟಿ, ಕಂಬ ಎತ್ತಿ ನಿಲ್ಲಿಸಿದಳು.

ಮಧ್ಯಾಹ್ನದ ವಾರ್ತೆಗೆ ಅತ್ತೆ ಪಕ್ಕದ ಮನೆಯಲ್ಲಿ ಹೋಗಿ ಕೂತರು. ಸೊಸೆ ಇತ್ತ ಮೈಕು ಒತ್ತಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿದಳು. ಕೇಬಲ್ ಮುಟ್ಟಿದಳು, ಮುಳ್ಳು ಅಲುಗಲಿಲ್ಲ. ಆದರೂ ನಂಬಿಕೆ ಸಾಲದೆ, "ಪೋಸ್ಟ್ ಮಾಸ್ತರರು ಸಿಡುಕು ಮೂತಿಯವರು" ಎಂದು ಮೂರು ಸಲ ಸ್ಪಷ್ಟವಾಗಿ ಹೇಳಿದಳು. ಬೆಟ್ಟದಲ್ಲಿದ್ದ ಯಾರೋ ಚಾಲಕ, ಯಾವ ಮಾಸ್ತರರು ಅಕ್ಕಾ ಎಂದು ಕೇಳಿದ.

ವಾರ್ತೆ ಮುಗಿದ ಮೇಲೆ ಅತ್ತೆ ಬಂದರು.

"ಏನು ಕೇಳಿಸಿತು ಅತ್ತೆ?"

"ವಾರ್ತೆ ಕೇಳಿಸಿತು. ನೀನು ಶುರು ಮಾಡಿದ್ದು ಯಾವಾಗ?"

ಸೊಸೆ ಅತ್ತೆಯ ಎರಡೂ ಕೈ ಹಿಡಿದು ಕುಣಿಸಿಬಿಟ್ಟಳು. ಮೊಣಕಾಲಿನ ನೋವು ಎಲ್ಲಿ ಹೋಗಿತ್ತೋ.

ಐದೂವರೆಗೆ ಮಾಸ್ತರರೇ ಬಂದು, ಇವತ್ತು ಆರರ ಮೇಲೂ ಮಾತಾಡಿ ನೋಡು, ಕೇಳಿಸಿದರೆ ಗೋಡೆ ತಟ್ಟುತ್ತೇನೆ ಎಂದರು. ಆರು ಗಂಟೆಗೆ ಆಕೆ ಮೈಕು ಹಿಡಿದಳು. "ಟಾರ್ಪಾಲಕ್ಕ ಮಾತಾಡ್ತಿದ್ದೀನಿ. ಇನ್ನು ಮೇಲೆ ಸಂಜೆನೂ ಇರ್ತೀನಿ. ಯಾರ್‍ಯಾರಿದ್ದೀರಿ?"

ಒಬ್ಬೊಬ್ಬರಾಗಿ ಉತ್ತರ ಬಂತು. ಹಾಲಿನ ಟ್ಯಾಂಕರಿನವನು, ಸಿಮೆಂಟಿನವನು, ಗಾಜಿನ ಹಾಳೆ ಸಾಗಿಸುತ್ತಿದ್ದ ಅಣ್ಣತಮ್ಮಂದಿರು. ಕಾಗದದ ಮೇಲೆ ಗೆರೆ ಹಾಕುತ್ತಾ ಹೋದಳು, ಹದಿನೇಳು ಲಾರಿ. ಸುತ್ತಲಿನ ಮನೆಗಳ ಮಿಕ್ಸಿ, ಫ್ಯಾನುಗಳಿಂದ ಕೇಬಲ್ ಹೀರಿ ತರುತ್ತಿದ್ದ ಗರಗರ ಸದ್ದೂ ಅಡಗಿ ರೇಡಿಯೊ ತಿಳಿಯಾಗಿತ್ತು. ಆ ತಿಳಿಯಲ್ಲಿ, ಇದುವರೆಗೆ ಒಮ್ಮೆಯೂ ಕೇಳಿಸದಿದ್ದಷ್ಟು ದೂರದಿಂದ, ಬೆಟ್ಟದ ನೆತ್ತಿಯಿಂದ ಗಂಡನ ದನಿ ಬಂತು. ಎಡಗಡೆ ಮಂಜು ಕವಿಯುತ್ತಿದೆ, ಎಲ್ಲರಿಗೂ ಹೇಳು ಎಂದ. ಆಮೇಲೆ, "ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ ಕಣೇ. ಏನು ಮಾಡಿದೆ?"

"ಬಂದ ಮೇಲೆ ತೋರಿಸ್ತೀನಿ. ಈಗ ಸರದಿ ಬಿಡಿ, ಹಿಂದೆ ಹದಿನೇಳು ಲಾರಿ ಇವೆ" ಎಂದಳು.

ಗೋಡೆ ಯಾರೂ ತಟ್ಟಲಿಲ್ಲ. ತಿಂಗಳೊಳಗೆ ರಸ್ತೆಯುದ್ದದ ಐದು ಗ್ಯಾರೇಜಿನವರು ಆಕೆಯಿಂದ ಸುರುಳಿ ಸುತ್ತಿಸಿಕೊಂಡರು. ಸಂಘದ ರಿಪೇರಿಯವನೂ ಒಂದು ದಿನ ಬಂದು, ಚಪ್ಪಲಿ ಹೊರಗೆ ಬಿಟ್ಟು, ಎಷ್ಟು ಇಂಚಿನ ಪೈಪು ಅಕ್ಕಾ ಎಂದು ಕೇಳಿದ. ಆಕೆ ಸ್ಟೂಲು ಎಳೆದು ಕೂರಿಸಿ, ಅವನ ಕೈಗೇ ಕೇಬಲ್ ಕೊಟ್ಟು, ಅವನು ನಾಲ್ಕನೇ ಸುತ್ತಿನಲ್ಲಿ ತಪ್ಪಿದಾಗ ಬಿಚ್ಚಿ ಮತ್ತೆ ಸುತ್ತಿಸಿದಳು.