ಚೀಲ ಎಲ್ಲಿ ಎಂದು ಕೇಳಿದವರು

ಅವರ ಬೆರಳ ತುದಿಗಳು ಸದಾ ನೇರಳೆ. ಉಗುರಿನ ಸಂದಿಗೆಲ್ಲ ಇಳಿದ ಆ ಬಣ್ಣ ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಹಲಸೂರಿನ ನಮ್ಮ ವಠಾರದ ಮಹಡಿಯಲ್ಲಿ ಒಬ್ಬರೇ ಇದ್ದರು. ಶಿವಾಜಿನಗರದ ಲ್ಯಾಬೊಂದರಲ್ಲಿ, ಆಪರೇಷನ್ನಿನಲ್ಲಿ ತೆಗೆದ ತುಣುಕುಗಳನ್ನು ಕಾಯಿಲೆ ಪತ್ತೆಗೆಂದು ತೆಳ್ಳಗೆ ಕೊಯ್ದು ಬಣ್ಣ ಹಾಕುವ ಕೆಲಸ. ನಮಗೆಲ್ಲ ಲ್ಯಾಬ್ ಮೇಡಂ. ನನ್ನ ಅಡುಗೆಮನೆಗೆ ಬಂದರೆ ಮೊದಲು ಈರುಳ್ಳಿ ನೋಡುವರು. "ದಪ್ಪ ಆಯ್ತು ಕಣ್ರೀ" ಎಂದು ಚಾಕು ಕಿತ್ತುಕೊಳ್ಳುವರು.

ತೊಂಬತ್ತರ ದಶಕದ ಕೊನೆ. ಅಮ್ಮನ ಪಿತ್ತಕೋಶದಲ್ಲಿ ಕಲ್ಲಾಗಿ ನರ್ಸಿಂಗ್ ಹೋಮೊಂದರಲ್ಲಿ ಆಪರೇಷನ್ ಆಯಿತು. ಮಧ್ಯಾಹ್ನ ಕಲ್ಲುಗಳನ್ನು ಸಣ್ಣ ಬಾಟಲಿಗೆ ಹಾಕಿ ಕೊಟ್ಟರು. ಅದು ಅವರ ವಾಡಿಕೆ. ನೋಡಲು ಬಂದವರಿಗೆಲ್ಲ ನಾನು ಬಾಟಲಿ ಅಲುಗಿಸಿ ತೋರಿಸಿದೆ, ಏನೋ ಗೆದ್ದವಳ ಹಾಗೆ. ಸಂಜೆ ಬಂದ ಮೇಡಂ ಅದನ್ನು ಮುಟ್ಟಲೂ ಇಲ್ಲ.

"ಚೀಲ ಎಲ್ಲಿ?"

"ಯಾವ ಚೀಲ?"

"ಕಲ್ಲಿದ್ದ ಪಿತ್ತಕೋಶ ಕಣ್ರೀ. ಟೆಸ್ಟಿಗೆ ಕಳಿಸಿದ್ರಾ?"

ನನಗೆ ಗೊತ್ತಿರಲಿಲ್ಲ. ಮೇಡಂ ಡಾಕ್ಟರನ್ನು ಕಾರಿಡಾರಿನಲ್ಲೇ ತಡೆದರು.

"ಕಲ್ಲು ಕೊಟ್ಟಿದ್ದೀವಲ್ಲಮ್ಮ, ಇನ್ನೇನು?"

"ಕ್ಯಾನ್ಸರ್ ಬರೋದು ಕಲ್ಲಿಗಲ್ಲ ಡಾಕ್ಟ್ರೇ, ಚೀಲಕ್ಕೆ."

"ಲ್ಯಾಬಲ್ಲಿ ಗಾಜು ತೊಳೆಯೋರು ನನಗೆ ಪಾಠ ಹೇಳ್ತೀರಾ?"

ಆ ಮಾತು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಮೇಡಂ ಸೀದಾ ಹಿಂದಕ್ಕೆ ಹೋಗಿ, ಆಯಾ ಇನ್ನೂ ಚೆಲ್ಲದ ಆಪರೇಷನ್ ಕಸದ ಬಕೆಟ್ಟಿಗೆ ಕೈ ಹಾಕಿದರು. ಅಂದು ಆಗಿದ್ದು ಅದೊಂದೇ ಆಪರೇಷನ್. ಚೀಲ ಸಿಕ್ಕಿತು.

ತಮ್ಮ ಲ್ಯಾಬಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಅದರ ಗೋಡೆಯಲ್ಲಿ ಕ್ಯಾನ್ಸರ್ ಇತ್ತು, ಆಗಷ್ಟೇ ಶುರುವಾಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಮತ್ತೊಂದು ಆಪರೇಷನ್ ಆಗಿ ಅಮ್ಮ ಉಳಿದಳು. ಮಂಚದ ಬಳಿ ಕೂತು ಮೇಡಂ ವಿವರಿಸಿದರು:

"ಕಲ್ಲು ವರ್ಷಗಟ್ಲೆ ಉಜ್ಜಿ ಜೀವಕೋಶ ಕೆಡುತ್ತೆ ಅಮ್ಮ. ಒಳಗೆ ಪಿ ಫಿಫ್ಟಿತ್ರೀ ಅಂತ ಒಂದು ಪ್ರೋಟೀನು, ಕಾವಲಿಗೆ. ರಿಪೇರಿ ಆಗಲ್ಲ ಅನ್ಸಿದ್ರೆ ಸಾಯಿ ಅನ್ನುತ್ತೆ. ಜೀವಕೋಶ ತನ್ನನ್ನ ತಾನೇ ತುಂಡು ಮಾಡ್ಕೊಂಡು ಸಾಯುತ್ತೆ. ಆ ಕಾವಲೇ ಕೆಟ್ರೆ ಹೇಳೋರಿಲ್ಲ, ಬೆಳೀತಾನೇ ಇರುತ್ತೆ."

"ಸಾಯದೇ ಇರೋದೂ ಒಂದು ಕಾಯಿಲೇನಾ?" ಅಂದಳು ಅಮ್ಮ.

"ಸಾಯ್ಬೇಕಾದ್ದು ಸಾಯ್ದಿದ್ರೆ ಕಾಯಿಲೇನೇ."

ನರ್ಸಿಂಗ್ ಹೋಮು ತಪ್ಪು ಒಪ್ಪಲಿಲ್ಲ. ಬದಲಿಗೆ ಮೇಡಂ ಇದ್ದ ಲ್ಯಾಬಿಗೆ ರಕ್ತ, ಮೂತ್ರ ಕಳಿಸುವುದನ್ನೇ ನಿಲ್ಲಿಸಿತು. ವ್ಯಾಪಾರ ಹೋಯಿತೆಂದು ಲ್ಯಾಬಿನ ಮಾಲೀಕ ಮೇಡಂಗೆ, "ಸೋಮವಾರದಿಂದ ಬರ್ಬೇಡಿ" ಅಂದ. ಹದಿನೆಂಟು ವರ್ಷ ದುಡಿದವರಿಗೆ ಆಡುವ ಮಾತೇ ಅದು? ತಪ್ಪು ಮಾಡಿದವನ ಬೋರ್ಡು ನೇತಾಡುತ್ತಲೇ ಇತ್ತು. ತಪ್ಪು ಹಿಡಿದವರು ಮನೆಪಾಠ ಹೇಳಿ ಬದುಕಿದರು. ನಾನು ಕಣ್ಣೀರು ಹಾಕಿದರೆ, "ಚೀಲ ಸಿಕ್ತಲ್ಲ, ಬಿಡ್ರೀ" ಎನ್ನುವರು. ನಾನು ಬಿಟ್ಟಿಲ್ಲ.

ಎಂಟು ವರ್ಷದ ಮೇಲೆ ಮೇಡಂ ತೀರಿಕೊಂಡರು. ಲ್ಯಾಬಿನಿಂದ ಒಬ್ಬರೂ ಬರಲಿಲ್ಲ. ಅಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋಗಿ ಅವರ ತಲೆಯ ಬಳಿ ಕೂತಳು. ಹೆಣ ಎತ್ತುವವರೆಗೂ ಏಳಲಿಲ್ಲ.