ಇಮಾಮಸಾಬರ ಹಾಡಿನ ಮೂಲಪಠ್ಯ

ಗದಗ ಹೊಸ ಜಿಲ್ಲೆಯಾಗಿ ಹತ್ತು ಹನ್ನೊಂದು ವರ್ಷ ಕಳೆದಿದ್ದ ಕಾಲ. ಬೆಟಗೇರಿಯ ಒಂದು ಸಣ್ಣ ಜಾನಪದ ಸಂಸ್ಥೆಯಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ಎರಡು ಕಂಪ್ಯೂಟರು, ಒಂದು ಪ್ರಿಂಟರು ಮತ್ತು ನಾನು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕಡೆ ಧ್ವನಿಮುದ್ರಿಸಿ ತಂದ ಹಾಡುಗಳನ್ನು ಅಕ್ಷರಕ್ಕಿಳಿಸಿ ವೆಬ್‌ಸೈಟಿಗೆ ಹಾಕುವುದು ನನ್ನ ಕೆಲಸ.

ಹಾಡನ್ನು ಮೊದಲು ಟೆಕ್ಸ್ಟ್ ಫೈಲಿನಲ್ಲಿ ಟೈಪ್ ಮಾಡುತ್ತಿದ್ದೆ. ಬಣ್ಣ, ಚಿತ್ರ, ಅಲಂಕಾರ ಯಾವುದೂ ಇಲ್ಲದ ಬರೀ ಅಕ್ಷರಗಳ ಫೈಲು ಅದು; ಹಾಡಿದವರು ಹಾಡಿದ ಹಾಗೇ ಇರುತ್ತಿತ್ತು. ಆಮೇಲೆ ಒಂದು ಪ್ರೋಗ್ರಾಮು ಅದನ್ನು ಚೆಂದದ ವೆಬ್ ಪುಟವಾಗಿ ಮಾಡುತ್ತಿತ್ತು. ಹಾಗೆ ಮಾಡುವಾಗಲೇ ಕಾಗುಣಿತ ತಿದ್ದಿ, ಆಡುಮಾತನ್ನು ಬರಹದ ಕನ್ನಡಕ್ಕೆ ತರುತ್ತಿತ್ತು. ಎಲ್ಲ ಕಡೆಯ ಓದುಗರಿಗೂ ತಿಳಿಯಬೇಕೆಂದು ನಮ್ಮ ಸಂಪಾದಕರು ಹಾಕಿಸಿದ ಏರ್ಪಾಡು ಇದು. ಅವರು ಮದುವೆಯ ಆಮಂತ್ರಣ ಕೈಗೆ ಕೊಟ್ಟರೂ ಮೊದಲು ಕೆಂಪು ಪೆನ್ನು ಹುಡುಕುವ ಮನುಷ್ಯ. ಮೂಲ ಫೈಲನ್ನೂ ಪುಟದ ಜೊತೆ ಪ್ರಕಟಿಸೋಣ ಎಂದು ನಾನು ಕೇಳಿದಾಗಲೆಲ್ಲ ಉತ್ತರ ಒಂದೇ: "ಅಡಿಗಿಮನ್ಯಾಗಿನ ಸಿಪ್ಪಿ ಯಾರರ ಪಡಸಾಲ್ಯಾಗ ಇಡ್ತಾರೇನವಾ?"

ನಾನು ನೇಕಾರರ ಮನೆಯವಳು. ಸೀರೆ ಕೈಗೆ ಬಂದರೆ ಮೊದಲು ಮಗುಚಿ ಹಿಂಬದಿ ನೋಡುವುದು ನಮ್ಮ ಅಭ್ಯಾಸ. ಆ ಉತ್ತರ ನನಗೆ ಯಾವತ್ತೂ ಒಪ್ಪಿಗೆಯಾಗಲಿಲ್ಲ. ಆದರೆ ಹಿರಿಯರ ಜೊತೆ ಎಷ್ಟಂತ ಹಟ ಹಿಡಿಯುವುದು?

ಮೊಹರಂ ಹತ್ತಿರವಾದಾಗ ಬೆಳ್ಳಟ್ಟಿಯಿಂದ ಹುಸೇನಸಾಬ ಎಂಬ ದರ್ಜಿ ನಮ್ಮ ಆಫೀಸಿಗೆ ಬಂದ. ಅವನ ತಂದೆ ಇಮಾಮಸಾಬರು ಮೊಹರಂ ಕೊನೆಯ ದಿನ ಊರವರ ಮುಂದೆ ನಿಂತು ಶೋಕದ ಪದ ಹಾಡುವವರು. ಓದುಬರಹ ಬಾರದ ಅವರ ಹಾಡನ್ನು ನಾವು ಹಿಂದೆ ಧ್ವನಿಮುದ್ರಿಸಿಕೊಂಡು ವೆಬ್‌ಸೈಟಿಗೆ ಹಾಕಿದ್ದೆವು. ಕ್ಯಾಸೆಟ್ಟಿನ ಟೇಪು ಆಮೇಲೆ ಬೂಸ್ಟು ಹಿಡಿದು ಹಾಳಾಗಿತ್ತು.

"ಅಬ್ಬಾಗ ಲಕ್ವಾ ಹೊಡದು ಮಾತು ನಿಂತೈತ್ರಿ ಅಕ್ಕಾರ," ಎಂದ. "ಈ ಸಲ ನಾನ ಹಾಡಬೇಕು. ನಿಮ್ಮ ಪುಟದ್ದು ಪ್ರಿಂಟ್ ತಗಿಸಿಕೊಂಡು ಕಲ್ಯಾಕತ್ತೀನಿ. ಈ ಸಾಲಿಗೆ ಬಂದ ಕೂಡ್ಲೆ ಅಬ್ಬಾ ಕೈ ಎತ್ತಿ ನಿಲ್ಲಸ್ತಾನ್ರಿ. ಏನ ತಪ್ಪೈತಿ ಅಂತ ಹೇಳಾಕ ಅಂವಗ ಬಾಯಿಲ್ಲ."

"ನಿಮ್ಮ ತಂದಿ ಹಾಡೂದು ನೀವು ಕೇಳಿಲ್ಲೇನು?"

"ಹಲಗಿ ಸಪ್ಪಳದಾಗ ಮಾತು ಎಲ್ಲಿ ತಿಳೀತಾವ್ರಿ? ಛಾಪಾ ಆಗೇತಲ್ಲ, ಬರೋಬ್ಬರಿ ಇರಬೇಕು ಅಂತ ನಾ."

ಅವನು ತೋರಿಸಿದ ಸಾಲು ಹೀಗಿತ್ತು: ಮನೆಗೆ ಬರುತ್ತೇನೆ ಎಂದೆ, ಕರೆ ಎಂದೆನೋ ಮಗನೇ.

ನಾನು ಮೂಲ ಫೈಲು ತೆರೆದೆ. ಅದರಲ್ಲಿದ್ದದ್ದು: ಮನಿಗೆ ಬರ್ತೀನಂದಿ, ಖರೆ ಅಂದೆನೋ ಮಗನ.

ರಣಕ್ಕೆ ಹೋದ ಮಗನನ್ನು ನೆನೆದು ತಾಯಿ ಅಳುವ ಪದ ಅದು. ಬರ್ತೀನಿ ಅಂತ ನೀನು ಅಂದಿ, ನಾನು ಅದನ್ನು ನಿಜವೆಂದು ನಂಬಿದೆ ಎನ್ನುತ್ತಾಳೆ. ನಮ್ಮ ಕಡೆ 'ಅಂದಿ' ಎಂದರೆ ನೀನು ಅಂದೆ ಎಂದೇ ಅರ್ಥ. ಪ್ರೋಗ್ರಾಮು ಅದನ್ನು ನಾನು, ನೀನು ಎರಡಕ್ಕೂ ಸಲ್ಲುವ 'ಎಂದೆ' ಮಾಡಿದಾಗ ಮಾತು ಕೊಟ್ಟವಳು ತಾಯಿಯೇ ಎಂಬಂತಾಯಿತು. ನಿಜ ಎಂಬ ಅರ್ಥದ 'ಖರೆ' ಅದರ ನಿಘಂಟಿನಲ್ಲಿರಲಿಲ್ಲ. ಕಾಗುಣಿತದ ತಪ್ಪೆಂದು 'ಕರೆ' ಮಾಡಿತ್ತು. ಆ ತಾಯಿಯ ನಂಬಿಕೆಯನ್ನೇ ನಾವು ಅಳಿಸಿಹಾಕಿದ್ದೆವು. ನನಗೆ ಸಂಕಟವಾಯಿತು. ಇಮಾಮಸಾಬರು ತೀರಿಕೊಂಡಿದ್ದರೆ ಕೈ ಎತ್ತುವವರೂ ಇರುತ್ತಿರಲಿಲ್ಲ, ಹಾಡು ಹೀಗೇ ಉಳಿಯುತ್ತಿತ್ತು.

ಎರಡನ್ನೂ ಪ್ರಿಂಟ್ ತೆಗೆದು ಸಂಪಾದಕರ ಮುಂದಿಟ್ಟೆ. ಅವರು ತುಟಿಯಾಡಿಸುತ್ತ ಓದಿದರು, ಮತ್ತೆ ಓದಿದರು. ಕೆಂಪು ಪೆನ್ನಿನ ಕಡೆ ಕೈ ಹೋಗಲಿಲ್ಲ.

"ನಮ್ಮವ್ವನೂ ಹಿಂಗ ಮಾತಾಡ್ತಿದ್ಲು," ಎಂದರು. ಮೂಲದ ಹಾಳೆಯನ್ನು ನನ್ನ ಕಡೆ ಸರಿಸಿ, "ಇದ್ದಂಗ ಹಾಕವಾ. ಪುಟಾನೂ ಇರ್ಲಿ, ಇದೂ ಇರ್ಲಿ."

ಮೂಲದಲ್ಲಿ ನಾನು ಕೇಳಿ ಬರೆದದ್ದು ಸರಿಯೇ ಎಂದು ಹೇಳಬಲ್ಲವರು ಒಬ್ಬರೇ ಉಳಿದಿದ್ದರು. ಅದಕ್ಕೇ ಹುಸೇನಸಾಬನ ಜೊತೆ ಬಸ್ಸು ಹತ್ತಿ ಬೆಳ್ಳಟ್ಟಿಗೆ ಹೋದೆ. ಇಮಾಮಸಾಬರು ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಬಲಗೈ ಸತ್ವವಿಲ್ಲದೆ ಮಡಿಲಲ್ಲಿ ಬಿದ್ದಿತ್ತು. ಮಗ ನೆಲದ ಮೇಲೆ ಕುಳಿತು ಹೊಸ ಹಾಳೆ ಹಿಡಿದು ಹಾಡತೊಡಗಿದ.

ಆ ಸಾಲು ಬಂತು. ಮುದುಕರ ಎಡಗೈ ಮೇಲೆದ್ದಿತು. ಮತ್ತೆ ತಪ್ಪಿದೆವೇ ಎಂದುಕೊಂಡೆ. ಹುಸೇನಸಾಬ ನಿಲ್ಲಿಸಲು ಬಾಯಿ ಮುಚ್ಚುವಷ್ಟರಲ್ಲಿ ಆ ಕೈ ಇಳಿದು ತೊಡೆಯ ಮೇಲೆ ಬಿತ್ತು, ಮತ್ತೆ ಎದ್ದಿತು, ಮತ್ತೆ ಬಿತ್ತು. ಅವರು ತಾಳ ಹಾಕುತ್ತಿದ್ದರು. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಮಗ ಅಳುತ್ತಲೇ ಪದ ಮುಗಿಸಿದ. ನಾನೂ ಅತ್ತೆ.

ಆ ವಾರದಿಂದ ನಮ್ಮ ಪ್ರತಿ ಪುಟದ ಕೆಳಗೆ 'ಮೂಲಪಠ್ಯ' ಎಂಬ ಕೊಂಡಿ ಬಂತು. ಅದನ್ನು ಒತ್ತಿದರೆ ಬರೀ ಅಕ್ಷರಗಳ ಆ ಫೈಲು ತೆರೆದುಕೊಳ್ಳುತ್ತದೆ. ಓದುಗರಿಗಾಗಿ ತಿದ್ದುವುದು ನಮ್ಮ ಕೆಲಸವಿರಬಹುದು. ತಿದ್ದುವ ಮೊದಲು ಏನಿತ್ತು ಎಂದು ನೋಡುವ ದಾರಿ ಮುಚ್ಚುವ ಹಕ್ಕು ನಮಗಿಲ್ಲ. ನೌಕರಿ ನನಗೆ ಕಲಿಸಿದ ದೊಡ್ಡ ಪಾಠ ಇದೇ.

ಇಮಾಮಸಾಬರು ಮುಂದಿನ ಮೊಹರಂ ನೋಡಲಿಲ್ಲ. ನಾನು ನಿವೃತ್ತಳಾದ ಮೇಲೆ ಹುಸೇನಸಾಬ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಈಗ ಊರಿನ ಬೇರೆಯವರೂ ಆ ಪದ ಕಲಿತಿದ್ದಾರೆಂದ. ವೆಬ್‌ಸೈಟು ಇನ್ನೂ ನೋಡುತ್ತೀರಾ ಎಂದು ಕೇಳಿದೆ.

"ಪುಟ ಚಂದ ಐತಿ ಖರೆ," ಎಂದ, "ನಾವು ಹಾಡೂದು ಅದರ ಕೆಳಗಿಂದನ್ನರಿ ಅಕ್ಕಾರ."