ಮುಂಡಪ್ಪಣ್ಣನ ಎಡಗಾಲು

ಕ್ಲಚ್ಚಿನ ದೂರು ಹೊತ್ತು ಬಂದ ಕಾರನ್ನು ಮುಂಡಪ್ಪಣ್ಣ ಹತ್ತುತ್ತಿದ್ದದ್ದೇ ಚಪ್ಪಲಿ ಕಳಚಿಟ್ಟು. ನೌಪಾಡಾದ ಆ ಗಲ್ಲಿಯ ಗ್ಯಾರೇಜಿಗೆ ಹೊಸದಾಗಿ ಬಂದವರು, ಗಾಡಿಗೆ ಪೂಜೆಗೀಜೆ ಮಾಡುತ್ತಾರೋ ಏನೋ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಪೂಜೆಯೂ ಇಲ್ಲ, ಮಣ್ಣೂ ಇಲ್ಲ. ಬರಿಯ ಎಡಪಾದವನ್ನು ಪೆಡಲ್ ಮೇಲಿಟ್ಟು ಒತ್ತಿ, ಕಣ್ಣು ಮುಚ್ಚಿ ಒಂದು ನಿಮಿಷ ಕೂರುವುದು, ಅಷ್ಟೇ. ಪೆಡಲ್ ಮೆತ್ತಗೆ ದಿಂಬಿನ ಹಾಗಿದ್ದರೆ ಎಣ್ಣೆಯ ಪೈಪಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಿದ್ದರೂ ತಾನಾಗಿ ಕೆಳಗೆ ಜಾರುತ್ತಿದ್ದರೆ ಮೇಲಿನ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲವಾದ್ದರಿಂದ ಇದು ಎಷ್ಟೋ ಮೆಕ್ಯಾನಿಕ್‌ಗಳ ಕಣ್ಣು ತಪ್ಪಿಸುವ ರೋಗ. ಪೆಡಲ್ ಗಟ್ಟಿಯಾಗಿ ನಿಂತೂ ಗೇರ್ ಕಿರುಗುಟ್ಟಿದರೆ ತೊಂದರೆ ಕೆಳಗೆ, ಕ್ಲಚ್ ಪ್ಲೇಟಿನಲ್ಲಿ. ಬೇರೆಯವರು ಅರ್ಧ ದಿನ ಬಿಚ್ಚಿ ಜೋಡಿಸಿ ಕಂಡುಹಿಡಿಯುವುದನ್ನು ಆ ಪಾದ ಕೂತಲ್ಲೇ ಹೇಳಿಬಿಡುತ್ತಿತ್ತು.

ಮುಲ್ಕಿ ಕಡೆಯಿಂದ ಹದಿನೇಳರ ವಯಸ್ಸಿಗೆ ಬಂದು, ಕಲ್ಯಾಣದ ಗ್ಯಾರೇಜೊಂದರಲ್ಲಿ ಬೈಗುಳ ತಿಂದು ಕಲಿತ ವಿದ್ಯೆ ಅದು. ಓದು ನಾಲ್ಕನೆಯ ಕ್ಲಾಸು. ಹೊಸ ಗಾಡಿಗಳ ಕಂಪ್ಯೂಟರು ಅವರಿಗೆ ತಿಳಿಯದು, ತಿಳಿಯಬೇಕೆಂಬ ಹಟವೂ ಇರಲಿಲ್ಲ. ಕಾಲು ಇದೆಯಲ್ಲ, ಸಾಕು ಎನ್ನುತ್ತಿದ್ದರು. ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇತ್ತು. ಮಾತ್ರೆ ನೆನಪಾದರೆ ನುಂಗುವುದು, ಮರೆತರೆ ದೇವರಿದ್ದಾನೆ. 2012ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹೆಂಡತಿ ಜಯಲತಾ ಅಡುಗೆಮನೆಯಿಂದ ಬಾಗಿಲವರೆಗೆ ರಕ್ತದ ಹೆಜ್ಜೆ ಕಂಡು ಗಾಬರಿಯಾದಳು. ಮುಂಡಪ್ಪಣ್ಣನ ಎಡ ಅಂಗಾಲಿನಲ್ಲಿ ಗಾಜಿನ ಚೂರು ನೆಟ್ಟು ಕೂತಿತ್ತು.

"ಇಷ್ಟು ದೊಡ್ಡ ಚೂರು ಉಂಟು. ನಿಮಗೆ ಗೊತ್ತೇ ಆಗ್ಲಿಲ್ವಾ?"

ಗ್ಯಾರೇಜಿನ ಕಾಲು, ಚರ್ಮ ದಪ್ಪ ಎಂದು ಅವರು ಮಾತು ಹಾರಿಸಿದರು. ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದಲ್ಲ.

ಅದಾದ ಹದಿನೈದು ದಿನಕ್ಕೆ ಶ್ರದ್ಧಾಳ ಕಾರು ಬಂತು. ಊರಿನ ಕಡೆಯವರೇ ಆದ, ಹೋಟೆಲಿನ ಹರಿಶ್ಚಂದ್ರನ ಮಗಳು. ಮಹಾಪೆಯ ಕಂಪನಿಯಲ್ಲಿ ಕೆಲಸ. ಸಿಗ್ನಲಿನಲ್ಲಿ ಕ್ಲಚ್ ಒತ್ತಿ ನಿಂತಿದ್ದರೂ ಗಾಡಿ ತಾನಾಗಿ ಮುಂದೆ ತೆವಳುತ್ತದೆ, ಮೊನ್ನೆ ಮುಂದಿದ್ದ ಬೈಕಿಗೆ ತಾಗುವುದೊಂದು ಬಾಕಿ ಎಂದಳು. ಮುಂಡಪ್ಪಣ್ಣ ಚಪ್ಪಲಿ ಬಿಟ್ಟು ಹತ್ತಿದರು, ಒತ್ತಿದರು, ಕಣ್ಣು ಮುಚ್ಚಿದರು. ಪೆಡಲ್ ಅಲುಗಲಿಲ್ಲ. ಅಂದರೆ ಪ್ಲೇಟು. ಗೇರ್‌ಬಾಕ್ಸ್ ಇಳಿಸಿ, ಎರಡು ದಿನ ಬೆವರು ಹರಿಸಿ ಬಿಚ್ಚಿದರೆ, ಪ್ಲೇಟು ಅಂಗಡಿಯಿಂದ ತಂದಷ್ಟು ಚೆನ್ನಾಗಿತ್ತು. ಆದರೂ ಹೊಸದು ಹಾಕಿ ಜೋಡಿಸಿದರು. ಗಾಡಿ ಮತ್ತೆ ತೆವಳಿತು.

ಅವರ ಎದುರೇ ಶ್ರದ್ಧಾ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿದಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ.

"ಅಂಕಲ್, ಯೇ ತೋ ಅಪ್ನೇ ಆಪ್ ನೀಚೇ ಜಾ ರಹಾ ಹೈ."

ತಾನಾಗಿಯೇ ಕೆಳಗೆ ಹೋಗುತ್ತಿದೆ. ಹಾಗಾಗಲು ಸಾಧ್ಯವಿಲ್ಲ ಎಂದರು ಮುಂಡಪ್ಪಣ್ಣ. ಅವಳನ್ನು ಇಳಿಸಿ ತಾವೇ ಕೂತರು. ಈ ಸಲ ಕಣ್ಣು ಮುಚ್ಚಲಿಲ್ಲ. ಬಗ್ಗಿ ನೋಡಿದರು. ತಮ್ಮದೇ ಹೆಬ್ಬೆರಳು ಪೆಡಲಿನ ಜೊತೆ ಮೆಲ್ಲಗೆ, ಎರಡು ಬೆರಳಿನಷ್ಟು ಕೆಳಗಿಳಿಯಿತು. ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಸುದ್ದಿಯೇ ಇಲ್ಲ. ಇನ್ಯಾರದೋ ಕಾಲನ್ನು ನೋಡುತ್ತ ಕೂತ ಹಾಗಾಯಿತು ಅವರಿಗೆ.

ಮಾಸ್ಟರ್ ಸಿಲಿಂಡರು ಬದಲಾಯಿಸಿ ಗಾಳಿ ತೆಗೆಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಪ್ಲೇಟು ಸುಮ್ಮನೆ ಹಾಕಿದ್ದು, ತಪ್ಪು ನನ್ನದು ಎಂದು ಅವರು ಹೇಳಿದಾಗ ಶ್ರದ್ಧಾ ಪರವಾಗಿಲ್ಲ ಎಂದಳು. ಬೈದಿದ್ದರೇ ಒಳ್ಳೆಯದಿತ್ತು. ಕೆಲಸ ಮುಗಿದ ಮೇಲೆ ತಾವೇ ತುಳಿದು ನೋಡದೆ ಅವರು ಯಾವ ಗಾಡಿಯನ್ನೂ ಹೊರಗೆ ಬಿಟ್ಟವರಲ್ಲ. ಅವತ್ತು ಬಾಗಿಲ ಪಕ್ಕ ಮಂಡಿಯೂರಿ ಕೂತು, ನೀನೇ ಒತ್ತಿ ಹಿಡಿ ಎಂದರು. ಪೆಡಲ್ ಜಾರಲಿಲ್ಲ, ಅದು ಕಣ್ಣಿಗೇ ಕಂಡಿತು. ಆದರೆ ಬಿಗಿ ಎಷ್ಟಿದೆ, ಕ್ಲಚ್ ಎಲ್ಲಿಂದ ಕಚ್ಚಿ ಹಿಡಿಯುತ್ತದೆ, ಗಾಳಿ ಇನ್ನೂ ಚೂರು ಉಳಿದಿದೆಯೋ ಹೇಗೆ, ಅದೆಲ್ಲ ಕಣ್ಣಿಗೆ ಕಾಣುವುದಲ್ಲ.

"ಹೇಗುಂಟು ಮಗಾ?"

"ಠೀಕ್ ಹೈ."

"ಠೀಕ್ ಅಂದ್ರೆ ಹೇಗೆ ಠೀಕ್?"

ಅವಳು ಇನ್ನೊಮ್ಮೆ ತುಳಿದಳು. ಏನು ಹೇಳಬೇಕೆಂದು ನಿಜಕ್ಕೂ ಯೋಚಿಸಿದಳು ಪಾಪ.

"ಠೀಕ್ ಮತ್ಲಬ್... ಠೀಕ್ ಹೈ, ಅಂಕಲ್."

ಮುಂಡಪ್ಪಣ್ಣ ಕಾರಿನ ಬಾಗಿಲು ಹಿಡಿದುಕೊಂಡು ಎದ್ದು, ಹುಷಾರಾಗಿ ಹೋಗು ಎಂದು ಹೇಳಿ ಕೀ ಕೊಟ್ಟರು.